ಮೂರು ತಿಂಗಳ ಶುಗರ್ ಇದ್ದ ಹಾಗೆ ಮೂರು ತಿಂಗಳ ಮೀನು: ಒಮೆಗಾ ಟೆಸ್ಟ್ ಮಾಡಿಸುವ ಬಗೆ

ಉಡುಪಿಯ ಕಲ್ಸಂಕದ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. 21 ವರ್ಷ ಆಯಿತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್. ಮಳೆಗಾಲದಲ್ಲಿ ಡೆಂಗ್ಯೂ, ಇಲಿಜ್ವರ. ಈಗ ಎರಡು ಮೂರು ವರ್ಷದಿಂದ ಹೊಸ ತರದವರು ಬರುತ್ತಿದ್ದಾರೆ. ಮೊಬೈಲ್ ಮುಂದೆ ಹಿಡಿದು, "ಸಿಸ್ಟರೇ, ಈ ಒಮೆಗಾ ಟೆಸ್ಟ್ ಉಂಟಾ? ಮೈಯೊಳಗಿನ ಉರಿಯೂತ ನೋಡುವುದು ಉಂಟಾ?" ಅಂತ ಕೇಳುತ್ತಾರೆ.

ಉಂಟು. ಆದರೆ ಸುಮಾರು ಮಂದಿ ತಪ್ಪು ಟೆಸ್ಟ್ ಕೇಳುತ್ತಾರೆ, ತಪ್ಪು ದಿನ ಬರುತ್ತಾರೆ, ರಿಪೋರ್ಟ್ ಬಂದ ಮೇಲೆ ತಪ್ಪು ಸಾಲು ಓದಿ ಹೆದರುತ್ತಾರೆ. ಲ್ಯಾಬಿನವಳಾಗಿಯೂ ಈ ಮೂರೂ ತಪ್ಪನ್ನು ನಾನೇ ಮಾಡಿದ್ದೇನೆ. ಹಾಗಾಗಿ ಬರೆಯುವ ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಯಾವ ಟೆಸ್ಟ್ ಕೇಳಬೇಕು

ಇದು ಒಂದು ಟೆಸ್ಟ್ ಅಲ್ಲ, ಎರಡು. ಒಂದು, ರಕ್ತದಲ್ಲಿ ಯಾವ ಕೊಬ್ಬಿನ ಪಾಲು ಎಷ್ಟು ಅಂತ ಹೇಳುತ್ತದೆ. ಇನ್ನೊಂದು, ಮೈಯಲ್ಲಿ ಎಲ್ಲೋ ಉರಿಯೂತ ನಡೆಯುತ್ತಿದೆ ಅಂತ ಹೇಳುತ್ತದೆ. ಎಲ್ಲಿ ಅಂತ ಮಾತ್ರ ಹೇಳುವುದಿಲ್ಲ.

ಕೊಬ್ಬಿನ ಟೆಸ್ಟಿನಲ್ಲಿ ಕೇಳಬೇಕಾದ್ದು ಒಮೆಗಾ-3 ಇಂಡೆಕ್ಸ್. 2004ರಲ್ಲಿ ವಿಲಿಯಂ ಹ್ಯಾರಿಸ್ ಮತ್ತು ಕ್ಲೆಮೆನ್ಸ್ ಫಾನ್ ಶಾಕಿ ಎಂಬ ಇಬ್ಬರು ಸಂಶೋಧಕರು ಈ ಅಳತೆಯನ್ನು ಮುಂದಿಟ್ಟರು. ಲೆಕ್ಕ ಸುಲಭ. ಕೆಂಪು ರಕ್ತಕಣದ ಹೊರಪೊರೆಯಲ್ಲಿ ಇರುವ ಒಟ್ಟು ಫ್ಯಾಟಿ ಆಸಿಡ್‌ನಲ್ಲಿ, ಅಂದರೆ ಕೊಬ್ಬಿನ ಘಟಕಗಳಲ್ಲಿ, ಇಪಿಎ ಮತ್ತು ಡಿಎಚ್‌ಎ ಸೇರಿ ಶೇಕಡಾ ಎಷ್ಟು? ಈ ಎರಡೂ ಮೀನಿನಲ್ಲಿ ಸಿಗುವ, ಒಮೆಗಾ-3 ಎಂಬ ಬಗೆಯ ಕೊಬ್ಬು. ಶೇಕಡಾ 8 ಅಥವಾ ಅದಕ್ಕಿಂತ ಮೇಲೆ ಇದ್ದರೆ ಒಳ್ಳೆಯದು. 4ಕ್ಕಿಂತ ಕೆಳಗೆ ಇದ್ದರೆ ಕಡಿಮೆ. ಉಳಿದವರೆಲ್ಲ ನಡುವೆ.

ಎಚ್‌ಬಿಎ1ಸಿ ಎಲ್ಲರಿಗೂ ಗೊತ್ತು, "ಮೂರು ತಿಂಗಳ ಶುಗರ್" ಅಂತ ಕೇಳುತ್ತಾರೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನದ ಸಕ್ಕರೆಯ ಗುರುತು ಅದರ ಮೇಲೆ ಉಳಿಯುತ್ತದೆ. ಒಮೆಗಾ ಇಂಡೆಕ್ಸ್ ಕೂಡ ಹಾಗೇ. ಮೂರು ತಿಂಗಳ ಮೀನು ಅಂತ ಇಟ್ಟುಕೊಳ್ಳಿ. ನಿನ್ನೆ ರಾತ್ರಿ ಬಂಗುಡೆ ತಿಂದು ಇವತ್ತು ಬಂದರೆ ಅದಕ್ಕೆ ಮೋಸ ಮಾಡಲು ಆಗುವುದಿಲ್ಲ.

ಆದರೆ ಸೀರಂ ಟೆಸ್ಟಿಗೆ ಮೋಸ ಮಾಡಬಹುದು. ಸೀರಂ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ನನ್ನ ಮೊದಲ ತಪ್ಪು ಅದೇ. ಫಾರ್ಮಿನಲ್ಲಿ "ಫ್ಯಾಟಿ ಆಸಿಡ್ ಪ್ರೊಫೈಲ್, ಸೀರಂ" ಅಂತ ಇದ್ದ ಕಡೆ ಟಿಕ್ ಹಾಕಿದೆ. ಹಿಂದಿನ ಎರಡು ದಿನ ತಂಗಿಯ ಮನೆಯಲ್ಲಿ ಬಂಗುಡೆ ಪುಳಿಮುಂಚಿ, ಬಂಗುಡೆ ಗಸಿ. ರಿಪೋರ್ಟಿನಲ್ಲಿ ಒಮೆಗಾ-3 ಭರ್ಜರಿಯಾಗಿ ಬಂತು. ನಮ್ಮ ಡಾಕ್ಟರಿಗೆ ತೋರಿಸಿದರೆ ನಕ್ಕುಬಿಟ್ಟರು. "ಇದು ನಿನ್ನ ರಕ್ತದ ರಿಪೋರ್ಟ್ ಅಲ್ಲ ಮಾರಾಯ್ತಿ, ನಿನ್ನ ತಂಗಿಯ ಅಡುಗೆಯ ರಿಪೋರ್ಟ್." ಸೀರಂ, ಪ್ಲಾಸ್ಮಾ (ಇದೂ ರಕ್ತಕಣವಿಲ್ಲದ ದ್ರವವೇ) ಎರಡೂ ಹೇಳುವುದು ಕಳೆದ ಕೆಲವು ದಿನದ ಊಟದ ಕಥೆ.

ಇದನ್ನು ಕಂಡುಹಿಡಿಯಲು ಒಂದು ಉಪಾಯ ಹೇಳುತ್ತೇನೆ. ರಕ್ತ ತೆಗೆಯುವಾಗ ಟ್ಯೂಬಿನ ಮುಚ್ಚಳ ನೋಡಿ. ಕೆಂಪು ರಕ್ತಕಣ ಬೇಕಾದರೆ ನೇರಳೆ ಮುಚ್ಚಳದ ಟ್ಯೂಬ್ ಬೇಕು, ಅದರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಹಳದಿ ಅಥವಾ ಕೆಂಪು ಮುಚ್ಚಳದ್ದು ಸೀರಂಗೆ. ನೀವು ಇಂಡೆಕ್ಸ್‌ಗೆ ದುಡ್ಡು ಕೊಟ್ಟು, ನಿಮ್ಮಿಂದ ಬರೀ ಹಳದಿ ಟ್ಯೂಬ್ ತುಂಬಿಸಿಕೊಂಡರೆ, ಕೈ ಮಡಚುವ ಮೊದಲೇ ಕೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ನಮ್ಮಂಥ ಸಣ್ಣ ಲ್ಯಾಬಿನಲ್ಲಿ ಈ ಟೆಸ್ಟ್ ಆಗುವುದಿಲ್ಲ. ಇದಕ್ಕೆ ಒಂದೊಂದು ಕೊಬ್ಬನ್ನೂ ಬೇರೆ ಬೇರೆ ಮಾಡಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಿಷನ್ ಬೇಕು, ಸ್ಯಾಂಪಲ್ ದೊಡ್ಡ ಊರಿಗೆ ಹೋಗುತ್ತದೆ. ಆದ್ದರಿಂದ ಕೇಳಬೇಕಾದ್ದು "ನಿಮ್ಮಲ್ಲಿ ಉಂಟಾ" ಅಂತ ಅಲ್ಲ. "ಯಾವ ಲ್ಯಾಬಿಗೆ ಕಳಿಸುತ್ತೀರಿ, ಯಾವ ದಿನ ಕಳಿಸುತ್ತೀರಿ, ಆ ಲ್ಯಾಬಿನ ಎನ್‌ಎಬಿಎಲ್ ಮಾನ್ಯತೆಯಲ್ಲಿ ಈ ಟೆಸ್ಟ್ ಸೇರಿದೆಯಾ" ಅಂತ. ಎನ್‌ಎಬಿಎಲ್ ಅಂದರೆ ಲ್ಯಾಬುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ. ಲ್ಯಾಬಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಎಲ್ಲ ಟೆಸ್ಟಿಗೂ ಮಾನ್ಯತೆ ಇದೆ ಅಂತ ಅರ್ಥ ಅಲ್ಲ.

ನಮ್ಮ ಕಡಲಿನ ಲೆಕ್ಕ

ಇದನ್ನು ಬೇರೆ ಊರಿನವರು ಬರೆಯುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ನಮಗೆ ಬೇಕು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನಾಡದೋಣಿಯವರು ತಂದ ನಾಲ್ಕು ಮೀನಿಗೆ ಬಂಗಾರದ ಬೆಲೆ. ನಮ್ಮ ಮನೆ ಕೊಡವೂರಿನಲ್ಲಿ, ಬಂದರು ಹತ್ತಿರವೇ. ಆದರೂ ಆ ಎರಡು ತಿಂಗಳು ಒಣಮೀನಿನ ಚಟ್ನಿ, ಹಲಸಿನ ಬೀಜ, ಪತ್ರೊಡೆ, ಮೊಟ್ಟೆಯಲ್ಲೇ ದಿನ ಕಳೆಯುತ್ತದೆ.

ಆಗಸ್ಟ್ ಮಧ್ಯದಲ್ಲಿ ಸರಿಯಾದ ಟ್ಯೂಬಿನಲ್ಲಿ ಸರಿಯಾದ ಟೆಸ್ಟ್ ಮಾಡಿಸಿದೆ. ನನ್ನ ಇಂಡೆಕ್ಸ್ 4.6. ಮೀನುಗಾರರ ಮನೆಯಲ್ಲಿ ಹುಟ್ಟಿದವಳಿಗೆ ಎಷ್ಟು ಅವಮಾನ! ಆಮೇಲೆ ಯೋಚಿಸಿದೆ. 120 ದಿನದ ಲೆಕ್ಕದಲ್ಲಿ ಅರ್ಧಕ್ಕರ್ಧ ಮೀನಿಲ್ಲದ ದಿನಗಳೇ. ಸೆಪ್ಟೆಂಬರಿನಿಂದ ವಾರಕ್ಕೆ ಮೂರು ಸಲ ಬೂತಾಯಿ (ಸಾರ್ಡೀನ್) ಅಥವಾ ಬಂಗುಡೆ ತಿಂದೆ. ಡಿಸೆಂಬರ್ ಕೊನೆಗೆ 6.4. ಅದೇ ನಾನು, ಅದೇ ಲ್ಯಾಬ್.

ಹಾಗಾಗಿ ಕರಾವಳಿಯ ಮೀನು ತಿನ್ನುವವರು ಟೆಸ್ಟಿನ ತಿಂಗಳನ್ನು ರಿಪೋರ್ಟಿನ ಮೇಲೆಯೇ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಒಂದು ವರ್ಷ ಆಗಸ್ಟಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು "ಮಾತ್ರೆಯಿಂದ ಸುಧಾರಿಸಿತು" ಅಂದರೆ ಆಗುವುದಿಲ್ಲ. ಸುಧಾರಿಸಿದ್ದು ಬೋಟು ಇಳಿದದ್ದಕ್ಕೆ.

ಇನ್ನೊಂದು ವಿಷಯ. "ನಾವು ದಿನಾ ಮೀನು ತಿನ್ನುತ್ತೇವೆ" ಅಂದರೆ ಸಾಲದು, ಯಾವ ಮೀನು? ಕಾಣೆ, ಎಟ್ಟಿ (ಸಿಗಡಿ), ನಂಗ್ ಎಲ್ಲ ರುಚಿಯೇ, ಆದರೆ ಅವುಗಳಲ್ಲಿ ಕೊಬ್ಬು ಕಡಿಮೆ. ಇಪಿಎ, ಡಿಎಚ್‌ಎ ಇರುವುದು ಮೀನಿನ ಕೊಬ್ಬಿನಲ್ಲಿ. ಅದು ಜಾಸ್ತಿ ಇರುವುದು ಬೂತಾಯಿ, ಬಂಗುಡೆಯಲ್ಲಿ. ಮಳೆ ಮುಗಿದ ಮೇಲೆ ಬರುವ ಬೂತಾಯಿ ಕೊಬ್ಬಿರುತ್ತದೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ನನ್ನ ಅಜ್ಜ ದೋಣಿಯ ಮರಕ್ಕೆ ಇದೇ ಬೂತಾಯಿ ಎಣ್ಣೆ ಬಳಿಯುತ್ತಿದ್ದರು. ವಾರಗಟ್ಟಲೆ ವಾಸನೆ ಹೋಗುತ್ತಿರಲಿಲ್ಲ. ನಮ್ಮಲ್ಲಿ ನೆಂಟರು ಬಂದರೆ ಅಂಜಲ್ ತವಾ ಫ್ರೈ, ಮನೆಯವರಿಗೆ ಬೂತಾಯಿ ಪುಳಿಮುಂಚಿ. ಈ ಲೆಕ್ಕದಲ್ಲಿ ನೆಂಟರಿಗಿಂತ ಮನೆಯವರೇ ಪುಣ್ಯವಂತರು.

ಉರಿಯೂತದ ಟೆಸ್ಟ್

ಇದಕ್ಕೆ ಎಚ್‌ಎಸ್-ಸಿಆರ್‌ಪಿ ಅಂತ ಕೇಳಬೇಕು. ಸಿಆರ್‌ಪಿ ಅಂದರೆ ಉರಿಯೂತ ಆದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಎಚ್‌ಎಸ್ ಅಂದರೆ ಅದನ್ನು ಸೂಕ್ಷ್ಮವಾಗಿ ಅಳೆಯುವ ಬಗೆ. ಮುಂದಿನ "ಎಚ್‌ಎಸ್" ಬಿಡಬೇಡಿ. ಬರೀ ಸಿಆರ್‌ಪಿ ಬೇರೆ. ಅದನ್ನು ಕೆಲವು ಕಡೆ ಗಾಜಿನ ಸ್ಲೈಡಿನ ಮೇಲೆ ಲ್ಯಾಟೆಕ್ಸ್ ಹನಿ ಹಾಕಿ ನೋಡುತ್ತಾರೆ. ಲೀಟರಿಗೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮಾತ್ರ ಅದು ಪಾಸಿಟಿವ್. ಜ್ವರ, ಸೋಂಕು ನೋಡಲು ಅದು ಸಾಕು. ಹೃದಯದ ಅಪಾಯ ಅಂದಾಜು ಮಾಡುವಾಗ ಬೇಕಾಗುವುದು 1, 2, 3ರ ಆಚೀಚಿನ ಸಣ್ಣ ವ್ಯತ್ಯಾಸ. ಸ್ಲೈಡಿಗೆ ಅದು ಕಾಣುವುದಿಲ್ಲ. "ನನ್ನ ಸಿಆರ್‌ಪಿ ನೆಗೆಟಿವ್" ಅಂತ ನೆಮ್ಮದಿಯಾಗಿ ಹೋದವರ ನಿಜವಾದ ಅಂಕಿ 4 ಇರಬಹುದು.

ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. 1ರಿಂದ 3 ಸಾಧಾರಣ. 3ಕ್ಕಿಂತ ಮೇಲೆ ಜಾಸ್ತಿ. 10 ದಾಟಿದರೆ ಅದು ಹೃದಯದ ಲೆಕ್ಕವೇ ಅಲ್ಲ. ಮೈಯಲ್ಲಿ ಎಲ್ಲೋ ಸೋಂಕೋ ಪೆಟ್ಟೋ ಇದೆ ಅಂತ ತಿಳಿದು, ಅದು ವಾಸಿಯಾದ ಮೇಲೆ ಮತ್ತೆ ನೋಡಬೇಕು. ಯೂನಿಟ್ ಕೂಡ ಓದಿ. ಕೆಲವು ರಿಪೋರ್ಟಿನಲ್ಲಿ ಡೆಸಿಲೀಟರ್ ಲೆಕ್ಕ ಇರುತ್ತದೆ. ಅಲ್ಲಿ 0.3 ಅಂದರೆ ಇಲ್ಲಿ 3. ಹತ್ತು ಪಟ್ಟು ವ್ಯತ್ಯಾಸ.

ಸಿಆರ್‌ಪಿ ತಯಾರಾಗುವುದು ಲಿವರಿನಲ್ಲಿ. ಮೈಯಲ್ಲಿ ಏನೇ ಗಲಾಟೆ ಆದರೂ ಒಂದೆರಡು ದಿನದಲ್ಲಿ ಸರ್ರನೆ ಏರುತ್ತದೆ, ಗಲಾಟೆ ನಿಂತರೆ ಬೇಗ ಇಳಿಯುತ್ತದೆ. ಒಮೆಗಾ ಇಂಡೆಕ್ಸ್ ಎತ್ತಿನಗಾಡಿಯಾದರೆ ಇದು ನಮ್ಮ ಸಿಟಿ ಬಸ್ಸು. ನನ್ನ ಎರಡನೇ ತಪ್ಪು ಇಲ್ಲಿ. ಅದೇ ಆಗಸ್ಟಿನಲ್ಲಿ ನನ್ನ ಎಚ್‌ಎಸ್-ಸಿಆರ್‌ಪಿ 7.8 ಬಂತು. ರಾತ್ರಿ ನಿದ್ದೆ ಬರಲಿಲ್ಲ. ಒಮೆಗಾ ಕಡಿಮೆ, ಅದಕ್ಕೇ ಉರಿಯೂತ ಜಾಸ್ತಿ ಅಂತ ನಾನೇ ಕಥೆ ಕಟ್ಟಿಕೊಂಡೆ. ನಿಜ ಏನೆಂದರೆ ಬಲಗಡೆಯ ದವಡೆ ಹಲ್ಲಿನ ವಸಡು ಬಾತು ಎರಡು ವಾರ ಆಗಿತ್ತು. ಉಪ್ಪುನೀರು ಮುಕ್ಕಳಿಸುತ್ತಾ ಸುಮ್ನೆ ಇದ್ದೆ. ಹಲ್ಲಿನ ಡಾಕ್ಟರು ಅದನ್ನು ಸರಿ ಮಾಡಿ ಒಂದು ತಿಂಗಳ ಮೇಲೆ ನೋಡಿದರೆ 1.4.

ಆದ್ದರಿಂದ ಈ ಟೆಸ್ಟಿಗೆ ಯಾವಾಗ ಬರಬಾರದು ಅಂತ ತಿಳಿಯುವುದೇ ಮುಖ್ಯ. ಜ್ವರ, ಶೀತ, ಕೆಮ್ಮು ಬಿಟ್ಟು ಎರಡು ವಾರವಾದರೂ ಆಗಿರಲಿ. ಹಲ್ಲು ಕೀಳಿಸಿದ್ದರೆ, ಕಾಲು ಉಳುಕಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದರೆ ಕಾಯಿರಿ. ಮೈ ಮುರಿಯುವ ಹಾಗೆ ದಣಿದಿದ್ದರೂ ಕಾಯಿರಿ. ಅಷ್ಟಮಿಗೆ ಎರಡು ದಿನ ಹುಲಿವೇಷ ಹಾಕಿ ಕುಣಿದ ಒಬ್ಬ ಹುಡುಗ ಮೂರನೇ ದಿನ ಪೂರ್ತಿ ಚೆಕಪ್ ಮಾಡಿಸಲು ಬಂದ. ಕಿವಿಯ ಹಿಂದೆ ಹಳದಿ ಬಣ್ಣ ಇನ್ನೂ ಹಾಗೇ ಇತ್ತು. "ಎರಡು ವಾರ ಬಿಟ್ಟು ಬಾ ಮಗಾ" ಅಂದೆ. ಕೇಳಲಿಲ್ಲ. 6 ಚಿಲ್ಲರೆ ಬಂತು. ಎರಡು ವಾರದ ಮೇಲೆ 0.7. ಎರಡು ಸಲ ದುಡ್ಡು.

ದಪ್ಪ ಹೊಟ್ಟೆ, ಬೀಡಿ ಸಿಗರೇಟು, ಕೆಲವು ಹಾರ್ಮೋನ್ ಮಾತ್ರೆಗಳು ಇದನ್ನು ಏರಿಸುತ್ತವೆ. ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆ ಇಳಿಸುತ್ತದೆ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಡಾಕ್ಟರ ಹತ್ತಿರ ಇರಲಿ. ಒಂದು ಅಂಕಿ ನಂಬಬೇಡಿ. ಎರಡು ವಾರ ಬಿಟ್ಟು ಎರಡು ಸಲ ಮಾಡಿಸಿ, ಸರಾಸರಿ ನೋಡುವುದು ರೂಢಿ.

ಕೆಂಪು ರಕ್ತಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಅಂತ ನೋಡುವ ಇಎಸ್‌ಆರ್ ಕೂಡ ಉರಿಯೂತದ್ದೇ, ಹಳೆಯ ಟೆಸ್ಟ್, ಅಗ್ಗ. ಆದರೆ ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಏರುತ್ತದೆ, ವಯಸ್ಸಾದರೂ ಏರುತ್ತದೆ. ನಮ್ಮ ಹೆಂಗಸರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವವರು ತುಂಬಾ ಮಂದಿ, ಅಲ್ವಾ? ಈ ಕೆಲಸಕ್ಕೆ ಅದು ಬೇಡ.

ರಕ್ತ ಕೊಡುವ ದಿನ

ಇಂಡೆಕ್ಸ್‌ಗೂ ಎಚ್‌ಎಸ್-ಸಿಆರ್‌ಪಿಗೂ ಖಾಲಿ ಹೊಟ್ಟೆ ಬೇಕಾಗಿಲ್ಲ. ಜೊತೆಗೆ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಮಾಡಿಸುವುದಿದ್ದರೆ 10ರಿಂದ 12 ಗಂಟೆ ಸಾಕು. ರಥಬೀದಿಯ ಕಡೆಯಿಂದ ಬರುವ ಒಬ್ಬರು ನಿವೃತ್ತ ಮೇಷ್ಟ್ರು, ಏಕಾದಶಿಯ ಉಪವಾಸ ಮುಗಿಸಿ ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಮುಂಚೆ ಬರುತ್ತಿದ್ದರು. "ಹೇಗೂ ಫಾಸ್ಟಿಂಗ್ ಆಗಿದೆಯಲ್ಲಮ್ಮ" ಅಂತ. ಅಷ್ಟು ಹೊತ್ತು ಉಪವಾಸ ಇದ್ದ ರಕ್ತ ಬೇಡ ಮೇಷ್ಟ್ರೇ ಅಂತ ಹೇಳಿ ಕಳಿಸಿದೆ. ಬರುವಾಗ ನೀರು ಕುಡಿದು ಬನ್ನಿ, ರಕ್ತನಾಳ ಸುಲಭವಾಗಿ ಸಿಗುತ್ತದೆ.

ಮನೆಯಲ್ಲೇ ಬೆರಳು ಚುಚ್ಚಿ ಕಾಗದದ ಮೇಲೆ ಹನಿ ಹಾಕಿ ಕಳಿಸುವ ಕಿಟ್ ಕೂಡ ಸಿಗುತ್ತದೆ. ಅದರಲ್ಲಿ ಕೈ ತೊಳೆಯುವುದೇ ದೊಡ್ಡ ಕೆಲಸ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಬೆರಳು ಚುಚ್ಚಿದರೆ ಎಣ್ಣೆಯೂ ಹನಿಯ ಜೊತೆ ಕಾಗದಕ್ಕೆ ಹೋಗುತ್ತದೆ. ಅಳೆಯುವುದು ಕೊಬ್ಬನ್ನೇ ತಾನೆ? ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಕೈ ಕೆಳಗೆ ಇಳಿಬಿಟ್ಟು ಒಂದು ನಿಮಿಷ ಅಲ್ಲಾಡಿಸಿ. ಉಂಗುರ ಬೆರಳಿನ ತುದಿಯ ಬದಿಗೆ ಚುಚ್ಚಿ, ನಡುವೆ ಬೇಡ, ನೋವು ಜಾಸ್ತಿ. ಮೊದಲ ಹನಿ ಒರೆಸಿಬಿಡಿ. ಎರಡನೆಯದು ತಾನಾಗಿ ದೊಡ್ಡದಾಗಿ ಬೀಳಲಿ. ಹಿಂಡಬೇಡಿ, ಬೆರಳನ್ನು ಕಾಗದಕ್ಕೆ ಒತ್ತಬೇಡಿ.

ಒಣಗಿಸುವಾಗ ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ನಮ್ಮ ಜುಲೈಯಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ರಕ್ತದ ಚುಕ್ಕೆ? ಫ್ಯಾನಿನ ಕೆಳಗೆ, ಪೂರ್ತಿ ಒಣಗುವವರೆಗೆ ಇಡಿ. ಇಪಿಎ, ಡಿಎಚ್‌ಎ ಬೇಗ ಕೆಡುವ ಕೊಬ್ಬು. ಗಾಳಿ, ಬಿಸಿ ತಗುಲಿದರೆ ಮೊದಲು ಹೋಗುವುದು ಅವೇ. ಆಗ ನಿಮ್ಮ ಇಂಡೆಕ್ಸ್ ಸುಳ್ಳಾಗಿ ಕಡಿಮೆ ಬರುತ್ತದೆ. ಕೆಡದ ಹಾಗೆ ಔಷಧಿ ಬಳಿದ ಕಾಗದ ಇರುವ ಕಿಟ್ ಮಾತ್ರ ತೆಗೆದುಕೊಳ್ಳಿ. ಟ್ಯೂಬ್ ಆಗಲಿ ಕಾಗದ ಆಗಲಿ, ಸೋಮವಾರ ಅಥವಾ ಮಂಗಳವಾರ ಕೊಡಿ. ಶನಿವಾರ ಕೊಟ್ಟ ಸ್ಯಾಂಪಲ್ ಭಾನುವಾರ ಪೂರ್ತಿ ಕೊರಿಯರ್ ಗೋಡೌನಿನ ಸೆಕೆಯಲ್ಲಿ ಬಿದ್ದಿರುತ್ತದೆ. ಬೂತಾಯಿಯನ್ನು ಹಾಗೆ ಇಟ್ಟರೆ ನೀವು ಕೊಳ್ಳುತ್ತೀರಾ?

ರಿಪೋರ್ಟ್ ಬಂದ ಮೇಲೆ

ಎರಡು ಪುಟ ಇರುತ್ತದೆ. ಇಪ್ಪತ್ತಕ್ಕೂ ಹೆಚ್ಚು ಹೆಸರು, ಕೆಂಪು ಹಳದಿ ಹಸಿರು ಪಟ್ಟಿಗಳು. ಮೊದಲು ಇಂಡೆಕ್ಸ್ ನೋಡಿ. ಅದು ಕೆಂಪು ರಕ್ತಕಣದ ಲೆಕ್ಕವೋ ಇಡೀ ರಕ್ತದ ಲೆಕ್ಕವೋ ನೋಡಿ. ಎರಡರ ಅಂಕಿ ಒಂದೇ ಅಲ್ಲ, 8ರ ಗುರಿ ಕೆಂಪು ರಕ್ತಕಣಕ್ಕೆ ಮಾತ್ರ.

ಆಮೇಲೆ ಕಾಣುವುದು ಒಮೆಗಾ-6 ಮತ್ತು ಒಮೆಗಾ-3ರ ಅನುಪಾತ, ಮತ್ತೆ ಎಎ-ಇಪಿಎ ಅನುಪಾತ. ಎಎ ಅಂದರೆ ಅರಾಕಿಡೋನಿಕ್ ಆಸಿಡ್, ಒಂದು ಒಮೆಗಾ-6. ನನ್ನ ಮೂರನೇ ತಪ್ಪು ಇಲ್ಲಿ. ಎಎ-ಇಪಿಎ ಸಾಲು ಕಡು ಕೆಂಪಿನಲ್ಲಿ ಇತ್ತು. ಮನೆಗೆ ಹೋಗಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟನ್ನು ನಾದಿನಿಗೆ ಕೊಟ್ಟುಬಿಟ್ಟೆ. ಪಾಪ, ಅವಳಿಗೆ ಏನು ಗೊತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಇಪಿಎ ತುಂಬಾ ಸಣ್ಣ ಅಂಕಿ. ಸಣ್ಣ ಅಂಕಿಯಿಂದ ಭಾಗಿಸಿದರೆ, ಅದು ಸ್ವಲ್ಪ ಅಲುಗಾಡಿದರೂ ಅನುಪಾತ ಜಿಗಿಯುತ್ತದೆ. ಎಎ ಜಾಸ್ತಿ ಇದ್ದದ್ದಲ್ಲ, ಇಪಿಎ ಕಡಿಮೆ ಇದ್ದದ್ದು.

ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಎಂಬ ಒಮೆಗಾ-6 ಜಾಸ್ತಿ ಇರುವುದು ನಿಜ. ಆದರೆ ಅದನ್ನು ಜಾಸ್ತಿ ತಿನ್ನಿಸಿ ಮಾಡಿದ ಪ್ರಯೋಗಗಳಲ್ಲಿ ರಕ್ತದ ಉರಿಯೂತದ ಅಂಕಿಗಳು ಏರಿದ್ದು ಕಂಡಿಲ್ಲ. ತೆಂಗಿನೆಣ್ಣೆಯಲ್ಲಿ ಒಮೆಗಾ-6 ಬಹಳ ಕಡಿಮೆ, ಆದರೆ ಸುಮಾರು ಶೇಕಡಾ 90 ಸ್ಯಾಚುರೇಟೆಡ್ ಕೊಬ್ಬು, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಅನುಪಾತ ಚಂದ ಮಾಡಲು ಎಲ್ಲದಕ್ಕೂ ತೆಂಗಿನೆಣ್ಣೆ ಸುರಿದರೆ ಒಂದು ರಿಪೋರ್ಟ್ ಹಸಿರು, ಇನ್ನೊಂದು ರಿಪೋರ್ಟ್ ಕೆಂಪು. ಒಗ್ಗರಣೆಗೆ ತೆಂಗಿನೆಣ್ಣೆ ನಾನೂ ಬಿಟ್ಟಿಲ್ಲ. ಅನುಪಾತ ಸರಿ ಮಾಡುವ ದಾರಿ ಒಮೆಗಾ-3 ಏರಿಸುವುದು, ಅಷ್ಟೇ.

ಅದೇ ಮೇಷ್ಟ್ರ ಕಥೆ ಕೇಳಿ. ಶುದ್ಧ ಸಸ್ಯಾಹಾರಿ. ಒಂದು ವರ್ಷ ದಿನಾ ಎರಡು ಚಮಚ ಅಗಸೆ ಬೀಜದ ಚಟ್ನಿಪುಡಿ ತಿಂದು ಬಂದಿದ್ದರು. ಇಂಡೆಕ್ಸ್ 3.2. ಮುಖ ಸಪ್ಪೆ. ರಿಪೋರ್ಟಿನಲ್ಲಿ ಎಎಲ್‌ಎ ಎಂಬ ಸಾಲು ತೋರಿಸಿದೆ. ಅದು ಚೆನ್ನಾಗಿಯೇ ಇತ್ತು. ಅಗಸೆಯಲ್ಲಿ ಇರುವ ಒಮೆಗಾ-3 ಅದೇ. ನಮ್ಮ ಮೈ ಅದರಲ್ಲಿ ತುಂಬಾ ಸಣ್ಣ ಪಾಲನ್ನು ಇಪಿಎ ಮಾಡುತ್ತದೆ, ಡಿಎಚ್‌ಎ ಮಾಡುವುದು ಇನ್ನೂ ಕಡಿಮೆ. ಹಾಗಾದರೆ ಮೀನಿಗೆ ಎಲ್ಲಿಂದ ಬಂತು ಅಂತ ಕೇಳಿದರು, ಮೇಷ್ಟ್ರಲ್ಲವೇ! ಕಡಲಿನ ಸಣ್ಣ ಪಾಚಿಯಿಂದ ಅಂದೆ. "ಹಾಗಾದರೆ ನಾನು ಆ ಪಾಚಿಯನ್ನೇ ತಿಂದರೆ ಮುಗಿಯಿತಲ್ಲ, ನಡುವೆ ಮೀನು ಯಾಕೆ?" ಅಂದರು. ಪಾಚಿಯೆಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ. ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಬೇಕು.

ಕ್ಯಾಪ್ಸೂಲ್ ಯಾವುದಾದರೂ ಹಿಂಬದಿ ಓದಿ. ಮುಂದೆ 1000 ಮಿಲಿಗ್ರಾಂ ಮೀನೆಣ್ಣೆ ಅಂತ ದೊಡ್ಡದಾಗಿ ಇರುತ್ತದೆ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300. ಉಳಿದ 700 ಬೇರೆ ಕೊಬ್ಬು. ಇಂಡೆಕ್ಸ್‌ಗೆ ಲೆಕ್ಕ ಬರುವುದು ಆ 300 ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಬಡಿತ ಏರುಪೇರು ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಜಾಸ್ತಿ ಪ್ರಮಾಣದ ಮೀನೆಣ್ಣೆ ಬಡಿತದ ತೊಂದರೆಯನ್ನು ಹೆಚ್ಚಿಸಿದ್ದು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ.

ಇಂಡೆಕ್ಸ್ ಮತ್ತೆ ಮಾಡಿಸುವುದು ನಾಲ್ಕು ತಿಂಗಳ ಮೇಲೆ. ಒಂದು ತಿಂಗಳಿಗೇ ಬಂದರೆ ಹಳೆಯ ರಕ್ತಕಣಗಳೇ ಜಾಸ್ತಿ ಇರುತ್ತವೆ, ದುಡ್ಡು ದಂಡ. ಎಚ್‌ಎಸ್-ಸಿಆರ್‌ಪಿಗೆ ಕೆಲವು ನೂರು ರೂಪಾಯಿ ಆದರೆ ಇದಕ್ಕೆ ಸಾವಿರಗಳಲ್ಲಿ ಲೆಕ್ಕ. ನಡುವೆ ನಿಮಗೆ ಬಾಟಲಿ ರಕ್ತ ಏರಿಸಿದ್ದರೆ, ಇನ್ನೂ ಕಾಯಬೇಕು. ಆಗ ಅಳೆಯುವುದು ಬೇರೆಯವರ ಊಟವನ್ನು.

ಮೇಷ್ಟ್ರು ನಾಲ್ಕು ತಿಂಗಳು ಪಾಚಿಯೆಣ್ಣೆ ತೆಗೆದುಕೊಂಡು ಬಂದರು. ಇಂಡೆಕ್ಸ್ 3.2ರಿಂದ 5.7ಕ್ಕೆ ಏರಿತು. ಎಚ್‌ಎಸ್-ಸಿಆರ್‌ಪಿ ಮಾತ್ರ 2.4 ಇದ್ದದ್ದು 2.3. "ಇದು ಯಾಕಮ್ಮ ಇಳಿಯಲಿಲ್ಲ?" ಅಂತ ಕೇಳಿದರು. ಒಮೆಗಾ ಏರಿದರೆ ಸಿಆರ್‌ಪಿ ಇಳಿಯಲೇಬೇಕು ಅಂತ ಇಲ್ಲ ಮೇಷ್ಟ್ರೇ ಅಂದೆ. ಅವರು ಸ್ವಲ್ಪ ಹೊತ್ತು ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಈಗ ಸಂಜೆ ರಥಬೀದಿಯನ್ನು ಎಂಟು ಸುತ್ತು ಹಾಕುತ್ತಾರಂತೆ. ಮುಂದಿನ ಟೆಸ್ಟಿಗೆ ತಾರೀಖು ಗುರುತು ಹಾಕಿಕೊಂಡು ಹೋಗಿದ್ದಾರೆ, ಪಂಚಾಂಗ ನೋಡಿ, ದ್ವಾದಶಿ ಅಲ್ಲದ ಸೋಮವಾರ.